ನಲವತ್ತು ಗೀಟು, ನಲವತ್ತು ಗಿಳಿ

“ಇಪ್ಪತ್ನಾಲ್ಕು ಉಂಡೆ ಹಾಗೇ ಕೂತಿದೆ. ಎಲ್ಲಿಗೆ ಹೋದ್ರು ಪುಟ್ಟಿ, ನಿನ್ನ ಗಿರಾಕಿಗಳೆಲ್ಲ?”

ಅಮ್ಮ ಸ್ಟೂಲಿನ ಮೇಲೆ ನಿಂತು ಹಸಿರು ಉಲ್ಲನ್ ಉಂಡೆಗಳನ್ನು ಅಂಗಡಿಯ ಮೇಲಿನ ಹಲಗೆಗೆ ತಳ್ಳುತ್ತಿದ್ದಳು. ಒಂದೊಂದೇ ಎತ್ತಿಕೊಡುತ್ತಿದ್ದ ಪುಟ್ಟಿ ಪೆಚ್ಚಾಗಿ ಕಣ್ಣು ಕಣ್ಣು ಬಿಟ್ಟಳು.

ಶಾಲೆಯ ಎದುರಿಗೇ ಅವರ ಅಂಗಡಿ. ಪೆನ್ಸಿಲ್ಲು, ಗಮ್ಮು, ನೋಟ್‌ಬುಕ್ಕು ಎಲ್ಲ ಸಿಗುತ್ತದೆ. ಕಳೆದ ವಾರ ಕ್ರಾಫ್ಟ್ ಮಿಸ್ಸು ಉಲ್ಲನ್ ಗಿಳಿ ಮಾಡಲು ಎಲ್ಲರಿಗೂ ಹಸಿರು ಉಂಡೆ ತರಲು ಹೇಳಿದ್ದರು. ಅಂಗಡಿಯಲ್ಲಿ ಒಂದೂ ಇರಲಿಲ್ಲ. “ಯಾರ್ಯಾರು ಕೇಳ್ತಾರೋ ಗೀಟು ಹಾಕ್ಕೋ, ಅಷ್ಟೇ ತರಿಸೋಣ” ಎಂದು ಅಮ್ಮ ಮೊದಲ ಸಲ ಆರ್ಡರ್ ಪುಸ್ತಕವನ್ನು ಪುಟ್ಟಿಗೆ ಕೊಟ್ಟಿದ್ದಳು. ಆ ದಿನ ಪುಟ್ಟಿಯ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಕ್ಲಾಸಿನವರೆಲ್ಲ ಬಂದು ಕೇಳಿದ್ದರು. ತನ್ನದೂ ಸೇರಿ ನಲವತ್ತು ಗೀಟು!

ಅಷ್ಟು ಉಂಡೆಗೆ ಜಾಗ ಬೇಕಲ್ಲ ಎಂದು ಅಮ್ಮ ನೋಟ್‌ಬುಕ್ಕು ಕಡಿಮೆ ತರಿಸಿದ್ದಳು. ಈಗ ನೋಟ್‌ಬುಕ್ಕು ಕೇಳಿ ಬಂದವರು ಬರಿಗೈಯಲ್ಲಿ ಹೋಗುತ್ತಿದ್ದರು.

“ಮುಂದಿನ ತಿಂಗಳು ಮೀನು ಮಾಡಿಸ್ತಾರಂತೆ, ಅದಕ್ಕೆ ಕಿತ್ತಳೆ ಬಣ್ಣ. ಈ ಹಸಿರನ್ನ ಯಾರು ಕೇಳ್ತಾರೆ?” ಅಮ್ಮ ಕೆಳಗಿಳಿದಳು. “ಪುಸ್ತಕ ಕೊಡು. ಇನ್ಮೇಲೆ ನಾನೇ ಬರ್ಕೋತೀನಿ.”

ಪುಟ್ಟಿಗೆ ಅಳು ಬಂತು. “ನಾಳೆ ಕೊಡ್ತೀನಮ್ಮ. ಒಂದ್ಸಲ ಕೇಳಿ ನೋಡ್ತೀನಿ.”

ಮರುದಿನ ಕ್ಲಾಸಿನ ಮೇಜಿನ ಮೇಲೆ ಗಿಳಿಗಳು ಸಾಲಾಗಿ ಕೂತಿದ್ದವು. ಪುಟ್ಟಿ ಎರಡೆರಡು ಸಲ ಎಣಿಸಿದಳು. ಸರಿಯಾಗಿ ನಲವತ್ತು! ಎಲ್ಲರೂ ತಗೋತೀವಿ ಅಂದಿದ್ದರು, ಎಲ್ಲರೂ ತಗೊಂಡಿದ್ದರು. ಹಾಗಾದರೆ ಇಪ್ಪತ್ನಾಲ್ಕು ಉಳಿದದ್ದು ಹೇಗೆ? ಕೂಡಿದಳು, ಕಳೆದಳು. ತಲೆ ಕೆಟ್ಟು ಹೋಯಿತು.

“ನಾನು ಮೂಲೆ ಅಂಗಡೀಲಿ ತಗೊಂಡೆ ಕಣೇ. ಅಲ್ಲಿ ಮೊದಲು ಬಂತು,” ಎಂದಳು ಗುಂಗುರು ಕೂದಲಿನ ಗೆಳತಿ.

“ಮತ್ತೆ ನಮ್ಮಂಗಡೀಲಿ ಯಾಕೆ ಹೇಳಿದ್ದೆ?”

“ಸಿಗದೇ ಹೋದ್ರೆ? ಎಲ್ಲರೂ ಎರಡೂ ಕಡೆ ಹೇಳಿಟ್ಟಿದ್ವಿ!”

ಪುಟ್ಟಿಗೆ ಎಲ್ಲಿಲ್ಲದ ಸಿಟ್ಟು ಬಂತು. ಎಲ್ಲರೂ ಮೋಸಗಾರರು! ಶಾಲೆ ಬಿಟ್ಟೊಡನೆ ದುಮುಗುಡುತ್ತ ಮೂಲೆ ಅಂಗಡಿಗೆ ಹೋದಳು. ಅಲ್ಲಿ ಕನ್ನಡಕದ ಮಾಮ ಹಸಿರು ಉಂಡೆಗಳ ರಾಶಿಯ ಮುಂದೆ ಮುಖ ಊದಿಸಿಕೊಂಡು ಕೂತಿದ್ದರು.

“ನಲವತ್ತು ತರಿಸಿದೆ, ಹದಿನಾರು ಉಳೀತು. ನಿಮ್ಮ ಕ್ಲಾಸಿನವರನ್ನ ನಂಬಿ ಕೆಟ್ಟೆ! ಬೇಕಾದ್ರೆ ನೋಡು, ಬರ್ಕೊಂಡಿದೀನಿ.”

ಮಾಮನಿಗೆ ಮಕ್ಕಳ ಹೆಸರು ಗೊತ್ತಿರಲಿಲ್ಲ. ಕಂಡದ್ದನ್ನೇ ಒಂದು ಚೀಟಿಯಲ್ಲಿ ಬರೆದಿದ್ದರು. ‘ಗುಂಗುರು ಕೂದಲು – ಒಂದು. ಹಲ್ಲು ಬಿದ್ದವನು – ಒಂದು.’ ಪುಟ್ಟಿಗೆ ನಗು ಬಂತು. ಕೆಳಗಿನ ಸಾಲು ಓದಿದಳು. ‘ಎರಡು ಜಡೆ, ಕೆಂಪು ಬ್ಯಾಗು – ಒಂದು.’

ಅವಳ ಕೈ ತಾನಾಗಿಯೇ ಜಡೆಗೆ ಹೋಯಿತು.

ಹೌದು, ಮೊದಲ ದಿನ ಅಮ್ಮನ ಹತ್ತಿರ ಉಂಡೆ ಇಲ್ಲವೆಂದು ಹೆದರಿ ಇಲ್ಲಿಗೂ ಓಡಿಬಂದಿದ್ದಳು. ನನಗೊಂದು ಇಡಿ ಎಂದು ಹೇಳಿ ಮರೆತೇಬಿಟ್ಟಿದ್ದಳು. ಸಿಟ್ಟೆಲ್ಲ ಜರ್ರನೆ ಇಳಿಯಿತು.

“ಮಾಮ, ಈ ಚೀಟಿ ಒಂಚೂರು ಕೊಡ್ತೀರಾ? ಅಮ್ಮನಿಗೆ ತೋರಿಸಿ ತರ್ತೀನಿ.”

ಅಮ್ಮ ಚೀಟಿ ಓದಿದಳು. ಪುಟ್ಟಿಯ ಜಡೆ ನೋಡಿದಳು. ಮತ್ತೊಮ್ಮೆ ಚೀಟಿ ಓದಿದಳು.

“ಯಾರೇ ಇದು, ಎರಡು ಜಡೆ?”

“ನಾನೇ,” ಎಂದಳು ಪುಟ್ಟಿ ನೆಲ ನೋಡುತ್ತ, ಆರ್ಡರ್ ಪುಸ್ತಕವನ್ನು ಮುಂದೆ ಚಾಚಿ.

ಅಮ್ಮ ನಗು ತಡೆದುಕೊಂಡಳು. ಪುಸ್ತಕ ಮಾತ್ರ ತಗೊಳ್ಳಲಿಲ್ಲ.

ಅಷ್ಟರಲ್ಲಿ ಹಲ್ಲು ಬಿದ್ದ ಹುಡುಗ ಓಡಿಬಂದ. “ಪುಟ್ಟಿ, ಕಿತ್ತಳೆ ಉಂಡೆ ನನಗೊಂದು!”

ಪುಟ್ಟಿ ಪೆನ್ಸಿಲ್ ಎತ್ತಿದಳು. ಗೀಟು ಹಾಕಲಿಲ್ಲ.

“ಮಾಮನ ಅಂಗಡೀಲೂ ಹೇಳಿದ್ಯಾ?”

ಅವನು ಬಾಯಿ ಮುಚ್ಚಿಕೊಂಡು ನಕ್ಕ.

“ಅಮ್ಮ, ಚೀಟಿ ಕೊಟ್ಟು ಬರ್ತೀನಿ. ಕಿತ್ತಳೆ ಯಾರ್ಯಾರು ಹೇಳಿದಾರೆ ಅಂತ ಮಾಮನ್ನೂ ಕೇಳ್ಬೇಕು,” ಎಂದು ಪುಸ್ತಕ ಬಗಲಿಗಿಟ್ಟುಕೊಂಡು ಪುಟ್ಟಿ ಹೊರಟಳು.