ಮೂರನೇ ನಂಬರಿನ ಕುರ್ಚಿ ಮತ್ತು ಒಂದು ಕರ್ಚೀಫು

"ಏಳಿ, ಏಳಿ! ಆ ಕುರ್ಚಿ ನಂದು!"

ಬೆನ್ನ ಹಿಂದೆ ಕೇಳಿದ ಗಂಡುದನಿಗೆ ನಿಶಾ ತಿರುಗಿಯೂ ನೋಡಲಿಲ್ಲ. ಗೋಡೆಯ ಗಡಿಯಾರದಲ್ಲಿ ಹತ್ತು ಐವತ್ತೆರಡು. ಇನ್ನು ಎಂಟೇ ನಿಮಿಷ...

"ನಿಮ್ಮ ಹೆಸರು ಬರ್ದಿದ್ಯಾ ಇದ್ರ ಮೇಲೆ?"

"ಹೆಸರು ಯಾಕೆ? ಕರ್ಚೀಫ್ ಹಾಕಿ ಹೋಗಿದ್ದೆ. ಕಾಣ್ಲಿಲ್ವಾ?"

ಮೇಜಿನ ಮೂಲೆಗೆ ತಳ್ಳಿದ್ದ ನೀಲಿ ಚೌಕುಳಿಯ ಕರ್ಚೀಫನ್ನು ನಿಶಾ ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಡೀಸೆಲ್ ವಾಸನೆ ಮೂಗಿಗೆ ಹೊಡೆಯಿತು.

"ಇದು ಕಾರವಾರದ ಬಸ್ಸಲ್ಲ ಮಾರಾಯ್ರೆ, ಸೈಬರ್ ಕೆಫೆ! ಇಲ್ಲಿ ಕೂತವರದ್ದೇ ಸೀಟು."

ಅಂಕೋಲೆಯ ಬಸ್ ಸ್ಟ್ಯಾಂಡು ನೋಡಿದವರಿಗೆ ಗೊತ್ತು, ಕಿಟಕಿಯಿಂದ ಒಳಗೆ ಬಿದ್ದ ಕರ್ಚೀಫನ್ನು ಎತ್ತಿ ಕೂರುವುದು ಎಂಥ ಅಪರಾಧ ಅಂತ. ಆಡಬಾರದ ಮಾತೆಲ್ಲ ಕೇಳಿಸಿಕೊಳ್ಳಬೇಕಾಗುತ್ತದೆ. ಆದರೆ ಈ ಹುಡುಗ ಆಡಲಿಲ್ಲ. ಅವಳ ಕಣ್ಣು ಗಡಿಯಾರಕ್ಕೇ ಅಂಟಿದ್ದನ್ನು ನೋಡಿದ. ಸುಮ್ಮನೆ ಕರ್ಚೀಫ್ ತಗೊಂಡು ಪಕ್ಕದ ನಾಲ್ಕನೇ ಕಂಪ್ಯೂಟರಿಗೆ ಹೋಗಿ ಕೂತ.

ಅದು ೨೦೦೯ರ ಏಪ್ರಿಲ್. ಮಡಗಾಂವಿನಲ್ಲಿ ಫುಟ್ಬಾಲ್ ಫೈನಲ್. ಗೋವಾದ ತಂಡಕ್ಕೂ ಕಲ್ಕತ್ತೆಯ ತಂಡಕ್ಕೂ ಕುಸ್ತಿ. ಈ ಸಲ ಮೈದಾನದ ಕಿಟಕಿಯಲ್ಲಿ ಟಿಕೆಟ್ ಇಲ್ಲ, ಎಲ್ಲ ಇಂಟರ್ನೆಟ್ಟಿನಲ್ಲೇ ಅಂತ ಪೇಪರಿನಲ್ಲಿ ಬಂದಿತ್ತು. ಹಾಗಾಗಿ ಕೇಣಿಯ ಸಂದೀಪನೂ ಕದ್ವಾಡದ ನಿಶಾಳೂ ಅಂಕೋಲೆಯ ದಮಯಂತಕ್ಕನ ಕೆಫೆಯಲ್ಲಿ ಅಕ್ಕಪಕ್ಕ ಕೂತಿದ್ದರು. ನಡುವೆ ಒಂದು ಪ್ಲೈವುಡ್ಡು ಅಷ್ಟೇ.

ಹನ್ನೊಂದು ಗಂಟೆ. ಪರದೆಯ ಮೇಲೆ ಒಂದು ಸಾಲು ಮೂಡಿತು. 'ನೀವು ಸರದಿಯಲ್ಲಿದ್ದೀರಿ. ನಿಮ್ಮ ಮುಂದೆ ೨,೨೧೪ ಜನ.'

'ಅಯ್ಯೋ ದೇವರೇ... ಎರಡು ಸಾವಿರ!'

"ಎಷ್ಟು ಬಂತು ನಿಮ್ದು?" ಪ್ಲೈವುಡ್ಡಿನ ಆಚೆಯಿಂದ ದನಿ.

ಹೇಳಬಾರದು ಅಂದುಕೊಂಡಳು. ಹೇಳಿಬಿಟ್ಟಳು.

"ನಂದು ಎರಡು ಸಾವಿರದ ಇನ್ನೂರಾ ಅರವತ್ತು. ಕುರ್ಚಿ ಕಸ್ಕೊಂಡದ್ದಕ್ಕೆ ನಲವತ್ತಾರು ಜನ ಮುಂದೆ ಹೋದ್ರಿ ನೋಡಿ!"

ನಿಶಾಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು. ಅದಕ್ಕೇ ಅವಳಿಗೆ ಸ್ವಲ್ಪ ಭಯವೂ ಆಯಿತು.

ಸಾಲು ಕರಗುತ್ತ ಹೋಯಿತು. ಒಂದು ಸಾವಿರದ ಎಂಟುನೂರು... ಒಂದು ಸಾವಿರದ ಮುನ್ನೂರು... ಮಧ್ಯೆ ಹತ್ತು ನಿಮಿಷ ಅಲ್ಲಾಡದೆ ನಿಂತಿತು. ಆ ಹೊತ್ತಿನಲ್ಲಿ ಮಾತು ಬೆಳೆಯಿತು. ಅವನು ಕೇಣಿಯಲ್ಲಿ ದೋಣಿಗಳ ಇಂಜಿನ್ ರಿಪೇರಿ ಮಾಡುವವನು. ಸಂಜೆ ದಂಡೆಯ ಮರಳಲ್ಲಿ ಫುಟ್ಬಾಲ್. ಗೋವಾ ತಂಡ ಫೈನಲ್ಲಿಗೆ ಬಂದಿದೆ ಅಂತ ತಿಂಗಳಿಂದ ಅವನಿಗೆ ನಿದ್ದೆಯಿಲ್ಲ. ಅವಳು ಬಸ್ ಸ್ಟ್ಯಾಂಡಿನ ಎದುರಿನ ಮೆಡಿಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ.

"ನಿಮಗೂ ಫುಟ್ಬಾಲ್ ಹುಚ್ಚಾ?"

"ನಂಗೆ ಎಂತದೂ ಗೊತ್ತಿಲ್ಲ. ಟಿಕೆಟ್ ಅಪ್ಪನಿಗೆ..."

ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದಳು. ಆದರೆ ಮುಖ ಕಾಣದ ಮನುಷ್ಯನ ಹತ್ತಿರ ಮಾತಾಡುವುದು ಎಷ್ಟು ಸುಲಭ!

ಅಪ್ಪ ರಾಮನಾಥ ಒಂದು ಕಾಲದಲ್ಲಿ ಕಾರವಾರ ಬಂದರಿನ ತಂಡದ ಗೋಲ್‌ಕೀಪರ್. ಈಗ ಕಣ್ಣಿನ ಒತ್ತಡದ ಕಾಯಿಲೆ. ಎಡಗಣ್ಣು ಹೋಗಿಯಾಗಿದೆ. ಬಲಗಣ್ಣಿನಲ್ಲಿ ನಟ್ಟನಡುವೆ ಒಂದು ಬಳೆಯಷ್ಟು ಜಾಗ ಮಾತ್ರ ಕಾಣುತ್ತದೆ. ಅದೂ ಮಳೆಗಾಲದೊಳಗೆ ಮುಚ್ಚಬಹುದು ಅಂದಿದ್ದರು ಹುಬ್ಬಳ್ಳಿಯ ಡಾಕ್ಟರು.

"ಟಿವಿಲಿ ಚೆಂಡು ಎತ್ಲಾಗೆ ಹೋಯ್ತು ಅಂತ ಅವ್ರಿಗೆ ತಿಳಿಯುದಿಲ್ಲ. ಗೋಲಿನ ಹಿಂದೆ ಕೂತ್ರೆ ಕೀಪರ್ ಒಬ್ಬನ್ನ ನೋಡ್ಬಹುದಂತೆ. ಅಷ್ಟೇ ಸಾಕು ಮಗಾ ಅಂತಾರೆ. ಆ ಸ್ಟ್ಯಾಂಡಲ್ಲಿ ಸೀಟೇ ಕಮ್ಮಿ..."

ಆಚೆ ಕುರ್ಚಿ ಹತ್ತಿರಕ್ಕೆ ಜರುಗಿದ ಸದ್ದಾಯಿತು. "ಈಗ ಎಷ್ಟಿದೆ ನಿಮ್ದು?" ಎಂದ. ದನಿ ಮೊದಲಿನ ಹಾಗಿರಲಿಲ್ಲ.

ಹನ್ನೊಂದು ನಲವತ್ತೈದಕ್ಕೆ ಅವಳ ಮುಂದೆ ನೂರಾ ಹತ್ತು ಜನ ಉಳಿದಿದ್ದರು. ಆಗಲೇ ಅಂಗಡಿಯಿಂದ ಫೋನು. ಯಾರದೋ ಮಗುವಿಗೆ ಫಿಟ್ಸು. ಬೇಕಾದ ಔಷಧಿ ಇರುವ ಕಪಾಟಿನ ಬೀಗದ ಕೈ ನಿಶಾಳ ಚೀಲದಲ್ಲೇ ಇದೆ!

ಅವಳು ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು.

"ಹೋಗಿ ಬನ್ನಿ. ನಾ ನೋಡ್ಕೊಳ್ತೆ," ಎಂದ ಸಂದೀಪ.

ಲಾಗಿನ್ನು, ಪಾಸ್‌ವರ್ಡು, ಅಪ್ಪನ ಮತ್ತು ತನ್ನ ಹೆಸರು, ಓಟರ್ ಕಾರ್ಡಿನ ನಂಬರು, ಎಲ್ಲ ಬರೆದುಕೊಂಡಿದ್ದ ಚೀಟಿಯನ್ನು ಅವನ ಕೈಗಿತ್ತಳು. "ನನ್ನ ಸರದಿ ಬಂದ್ರೆ ಇದ್ರಲ್ಲಿದ್ದದ್ದು ತುಂಬಿ. ಅಲ್ಲಿವರೆಗೆ ಏನೂ ಮುಟ್ಬೇಡಿ. ನಿಮ್ಮ ದಮ್ಮಯ್ಯ!"

ಅವಳು ಓಡಿದ ಮೇಲೆ ಸಂದೀಪನ ಕಣ್ಣು ಗಡಿಯಾರಕ್ಕೆ ಬಿತ್ತು. ದಿನಾ ಹನ್ನೆರಡಕ್ಕೆ ಕರೆಂಟ್ ಹೋಗುವ ವಾರ ಅದು. ಯುಪಿಎಸ್ ಇರುವುದು ಒಂದು ಮತ್ತು ಎರಡನೇ ಕಂಪ್ಯೂಟರಿಗೆ ಮಾತ್ರ. ಮೂರನೆಯದು ಆರಿಹೋದರೆ? ಆ ಅಪ್ಪನ ಬಳೆಯಷ್ಟು ಜಾಗ...

ಅವನಿಗೆ ತಿಳಿದಿದ್ದು ಬಸ್ಸಿನ ಲೆಕ್ಕ. ಒಂದು ಸೀಟು ಕೈತಪ್ಪೀತು ಅನ್ನಿಸಿದರೆ ಇನ್ನೊಂದರ ಮೇಲೂ ಕರ್ಚೀಫ್ ಹಾಕು! ಆಗಷ್ಟೇ ಖಾಲಿಯಾಗಿದ್ದ ಒಂದನೇ ಕಂಪ್ಯೂಟರಿನಲ್ಲಿ ಅವಳ ಲಾಗಿನ್ ತೆರೆದ. ಸಮಾಧಾನವಾಗದೆ ಎರಡನೆಯದರಲ್ಲೂ ತೆರೆದ. ತನ್ನದಕ್ಕೂ ಹಾಗೆ ಮಾಡಬೇಕೆಂದು ಅವನಿಗೆ ನೆನಪೇ ಆಗಲಿಲ್ಲ.

ಮೂರನೇ ಪರದೆ ಒಮ್ಮೆ ಮಿಣುಕಿತು. 'ಈ ಖಾತೆ ಬೇರೆ ಕಡೆ ತೆರೆದಿದೆ. ನಿಮ್ಮ ಸರದಿ ರದ್ದಾಗಿದೆ.' ಒಂದನೆಯದರಲ್ಲೂ ಅದೇ ಮಾತು. ಎರಡನೆಯದರಲ್ಲಿ ಹೊಸ ನಂಬರು. 'ನಿಮ್ಮ ಮುಂದೆ ೯,೩೦೬ ಜನ.'

ಸಂದೀಪ ಹಿಂದಿನ ಪುಟಕ್ಕೆ ಹೋಗುವ ಗುಂಡಿ ಒತ್ತಿದ, ಮತ್ತೆ ಮತ್ತೆ ಒತ್ತಿದ. ಮಾಡಿದ್ದನ್ನು ಅಳಿಸುವ ದಾರಿ ಆ ಯಂತ್ರದಲ್ಲಿ ಎಲ್ಲೂ ಇರಲಿಲ್ಲ.

ಅಂದಹಾಗೆ, ಆ ದಿನ ಕರೆಂಟು ಹೋಗಲೇ ಇಲ್ಲ.

ನಿಶಾ ಏದುಸಿರು ಬಿಡುತ್ತ ಒಳಗೆ ಬಂದಾಗ ಹನ್ನೆರಡೂ ಹತ್ತು. ಮೂರನೇ ಪರದೆ ನೋಡಿದಳು. 'ರದ್ದಾಗಿದೆ' ಅನ್ನುವುದನ್ನು ಎರಡೆರಡು ಸಲ ಓದಿದಳು.

"ನಾನೇ... ಕರೆಂಟ್ ಹೋಗ್ತದೆ ಅಂತ ಬೇರೆದ್ರಲ್ಲೂ ತೆಗ್ದೆ," ಸಂದೀಪ ತಡವರಿಸಿದ. "ನಂಗೆ ಗೊತ್ತಿರ್ಲಿಲ್ಲ..."

ಅಷ್ಟರಲ್ಲಿ ದಮಯಂತಕ್ಕನ ಪ್ರಿಂಟರು ಗೊರಗೊರ ಸದ್ದು ಮಾಡಿ ಎರಡು ಹಾಳೆ ಹೊರಗೆ ತಳ್ಳಿತು. ಮೇಲೆ ಫುಟ್ಬಾಲಿನ ಚಿತ್ರ. ಟಿಕೆಟ್!

"ಯಾರದ್ದು?" ಅಂದಳು ನಿಶಾ.

"ನನ್ನ ಸರದಿ ಬಂತು. ಅದ್ರಲ್ಲಿ..."

"ಬಂತಾ! ಬರ್ಲೇಬೇಕಲ್ಲ!" ಅವಳ ಕಣ್ಣು ತುಂಬಿ ಹರಿಯಿತು. "ಕರ್ಚೀಫ್ ಹಾಕಿದವರದ್ದೇ ಸೀಟು ಅಲ್ವಾ? ಕುರ್ಚಿ ಬೇಕಿದ್ರೆ ಕಸ್ಕೊಳ್ಳಿ, ನಮ್ಮಪ್ಪನ ಕಣ್ಣಿನ ಜೊತೆ ಯಾಕೆ ಆಟ ಆಡಿದ್ರಿ?"

"ಒಂದು ಮಾತು ಕೇಳಿ, ಆ ಹಾಳೇಲಿ..."

"ಏನೂ ಬೇಡ!"

ಅವಳು ಹೊರಟುಹೋದಳು. ಒಂದೇ ಒಂದು ಸಲ ಬಗ್ಗಿ ಆ ಹಾಳೆ ಓದಿದ್ದರೆ! ಆದರೆ ನೊಂದ ಹೆಣ್ಣು ಬಗ್ಗಿ ಓದುವುದಿಲ್ಲ, ತಲೆ ಎತ್ತಿ ನಡೆಯುತ್ತಾಳೆ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಆ ಸಂಜೆ ಕದ್ವಾಡದ ಮನೆಯಲ್ಲಿ ಅಪ್ಪ ಜಗುಲಿಯಲ್ಲೇ ಕಾದಿದ್ದರು.

"ಸಿಕ್ತಾ ಮಗಾ?"

"ಇಲ್ಲಪ್ಪ..."

"ಇರ್ಲಿ, ಇರ್ಲಿ. ರೇಡಿಯೋದಲ್ಲಿ ಹೇಳ್ತಾರಲ್ಲ." ಅಷ್ಟು ಹೇಳಿ ಅಪ್ಪ ಒಳಗೆ ಹೋದರು. ಗೋಡೆ ತಡವಿಕೊಂಡು ಹೋದರು. ನಿಶಾ ಬಾವಿಕಟ್ಟೆಗೆ ಹೋಗಿ ಅತ್ತಳು.

ದಿನಾ ಬೆಳಿಗ್ಗೆ ಅಪ್ಪ ಕ್ಯಾಲೆಂಡರಿನ ಎದುರು ನಿಲ್ಲುತ್ತಿದ್ದರು. ಮೊದಲು ತಾರೀಖಿನ ಅಂಕಿಯ ಜೊತೆ ಅಕ್ಕಪಕ್ಕದ ಎರಡು ಅಂಕಿಯೂ ಕಾಣುತ್ತಿತ್ತಂತೆ. ಆ ವಾರ ಒಂದೇ ಕಾಣುತ್ತದೆ ಅಂದರು. ನಿಶಾಗೆ ಆಗೆಲ್ಲ ನೆನಪಾಗುತ್ತಿದ್ದುದು ಆ ನೀಲಿ ಕರ್ಚೀಫು. 'ನಂಬಿ ಚೀಟಿ ಕೊಟ್ಟೆನಲ್ಲ! ನಗಿಸಿದ ಅಂತ ನಂಬಿಬಿಟ್ಟೆನಲ್ಲ!' ಅವನ ಮೇಲಿನ ಸಿಟ್ಟಿಗಿಂತ, ಅವನ ದನಿ ಇನ್ನೂ ಕಿವಿಯಲ್ಲಿರುವುದಕ್ಕೆ ತನ್ನ ಮೇಲೇ ಸಿಟ್ಟು.

ಅವನು ಅಂಗಡಿಗೆ ಮೂರು ಸಲ ಬಂದ. ಮೂರೂ ಸಲ ಅವಳು ಒಳಗಿನ ಕೋಣೆ ಸೇರಿ, ಜೊತೆಗೆ ಕೆಲಸ ಮಾಡುವ ಸುಕ್ರಿಯಿಂದ 'ಇಲ್ಲ' ಅನ್ನಿಸಿದಳು. ಮೂರನೇ ಸಲ ಅವನು ಒಂದು ಲಕೋಟೆ ಕೊಟ್ಟು ಹೋದ.

"ತೆಗ್ದು ನೋಡೇ ಮಾರಾಯ್ತಿ," ಎಂದಳು ಸುಕ್ರಿ.

"ಮಾಫಿ ಪತ್ರ ಓದಿ ನಂಗೆಂತ ಆಗ್ಬೇಕು?" ನಿಶಾ ಅದನ್ನು ಅವಧಿ ಮುಗಿದ ಮಾತ್ರೆಗಳ ಡಬ್ಬಕ್ಕೆ ಎಸೆದಳು. ಶನಿವಾರ ಏಜೆನ್ಸಿಯವರು ಬಂದು ಆ ಡಬ್ಬವನ್ನು ಒಯ್ಯುತ್ತಾರೆ. ಅಲ್ಲಿಗೆ ಆ ಮನುಷ್ಯನ ಕಥೆ ಮುಗಿಯಿತು!

ಶನಿವಾರ ಮಧ್ಯಾಹ್ನ ದಮಯಂತಕ್ಕ ಬಿಪಿ ಮಾತ್ರೆಗೆ ಬಂದಳು.

"ನಾಳೆ ಮ್ಯಾಚಲ್ವನೆ? ಅಪ್ಪನ ಕರ್ಕೊಂಡು ಎಷ್ಟೊತ್ತಿಗೆ ಹೊರಡ್ತೆ?"

"ಗಾಯಕ್ಕೆ ಉಪ್ಪು ಹಾಕ್ಬೇಡ ಅಕ್ಕಾ. ಟಿಕೆಟ್ ಎಲ್ಲಿದೆ ನಂಗೆ?"

"ಎಂತ ಹೇಳ್ತೆ ನೀನು?" ದಮಯಂತಕ್ಕ ಕಣ್ಣಗಲಿಸಿದಳು. "ನಿಂದು, ನಿನ್ನಪ್ಪಂದು ಹೆಸರು ಹಾಕಿ ಅವ ತೆಗ್ಸಿದ್ದಲ್ವಾ? ಪ್ರಿಂಟ್ ಮಾಡಿದ್ದು ನಾನೇ! ನಿನ್ನ ಚೀಟಿ ನೋಡಿ ನೋಡಿ ತುಂಬ್ಸಿದ. ಅವನ ಜೊತೆ ಮ್ಯಾಚಿಗೆ ಹೋಗುದಿತ್ತಲ್ಲ ಅವನ ದೋಸ್ತ ಜಟ್ಟು, ಅವ ಬಂದು ನನ್ನ ಕೆಫೆಲೇ ಜಗಳ ತೆಗ್ದ, ನಮ್ಮ ಟಿಕೆಟ್ ಯಾರಿಗೋ ಕೊಟ್ಟೆ ಅಂತ..."

ನಿಶಾಗೆ ಮುಂದಿನದು ಕೇಳಲಿಲ್ಲ. ಹಿಂದಿನ ಬಾಗಿಲಲ್ಲಿ ಏಜೆನ್ಸಿಯವನು ಡಬ್ಬಕ್ಕೆ ದಾರ ಕಟ್ಟುತ್ತಿದ್ದ.

"ನಿಲ್ಲಿಸಿ!"

ಡಬ್ಬ ನೆಲಕ್ಕೆ ಸುರಿದಳು. ಕೆಮ್ಮಿನ ಸಿರಪ್ಪು, ಮುಲಾಮು, ಮಾತ್ರೆ... ಅದರ ನಡುವೆ ಲಕೋಟೆ. ಒಳಗೆ ಎರಡು ಟಿಕೆಟ್. ಗೋಲಿನ ಹಿಂದಿನ ಸ್ಟ್ಯಾಂಡ್, ಗೇಟ್ ಆರು. ಒಂದರಲ್ಲಿ ರಾಮನಾಥ, ಇನ್ನೊಂದರಲ್ಲಿ ನಿಶಾ. ಅವಳದೇ ಚೀಟಿಯ ಹಿಂದೆ ಒರಟು ಅಕ್ಷರದಲ್ಲಿ ಎರಡು ಸಾಲು.

'ಮುಟ್ಟಬೇಡಿ ಅಂದಿದ್ರಿ, ಮುಟ್ಟಿದೆ. ತಪ್ಪು ನಂದೇ. ರಾಮನಾಥ ಕಾಕಾನ ಕರ್ಕೊಂಡು ಹೋಗಿ.'

ಮಾತ್ರೆಗಳ ಮಧ್ಯೆ ಕೂತು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಕೇಣಿಗೆ ಹೋಗಿ ವಿಚಾರಿಸಿದರೆ, ನಾಳೆ ಬೆಳಿಗ್ಗೆಯೇ ಮಡಗಾಂವಿಗೆ ಹೋಗಲು ಅವನು ಇವತ್ತೇ ಕಾರವಾರಕ್ಕೆ ಹೋಗಿ ಉಳಿದಿದ್ದಾನೆ ಎಂದರು ದಂಡೆಯ ಜನ. ಟಿಕೆಟ್ ಇಲ್ಲದೆ ಅವನು ಮಡಗಾಂವಿನಲ್ಲಿ ಮಾಡುವುದೇನು?

ಭಾನುವಾರ ನಾಲ್ಕು ಗಂಟೆಗೆ ಅಪ್ಪ ಗೋಲಿನ ಹಿಂದೆ ಕೂತರು. ಬಲಗಣ್ಣನ್ನು ಕೀಪರಿನ ಮೇಲೆ ನೆಟ್ಟವರು ಎವೆಯನ್ನೂ ಮುಚ್ಚಲಿಲ್ಲ. ಮೂವತ್ತನೇ ನಿಮಿಷದಲ್ಲಿ ಪೆನಾಲ್ಟಿ. ಕಲ್ಕತ್ತೆಯ ಕೀಪರ್ ಬಲಕ್ಕೆ ಹಾರಿ ಚೆಂಡನ್ನು ಹೊರಗೆ ತಳ್ಳಿದ. ಅಪ್ಪ ಎದ್ದು ನಿಂತಿದ್ದರು!

"ಕಂಡ್ತು ಮಗಾ! ಅವ ಮೊದ್ಲೇ ಹೆಜ್ಜೆ ಇಟ್ಟಿದ್ದ... ಎಲ್ಲಾ ಕಂಡ್ತು!"

ನಿಶಾ ಅಪ್ಪನ ಕೈ ಹಿಡಿದಳು. ಖುಷಿಯಲ್ಲೂ ಅವಳ ಎದೆಯಲ್ಲಿ ಒಂದು ಮುಳ್ಳಿತ್ತು. ಈ ಜಾಗ ಇನ್ನೊಬ್ಬನದು.

ಎರಡನೇ ಅರ್ಧದಲ್ಲಿ ಬೆಳಕು ಇಳಿಯಿತು. ಗೋವಾದ ಗೋಲು ಬಿದ್ದದ್ದು ಆಚೆಯ ತುದಿಯಲ್ಲಿ. ಮೈದಾನವೇ ಕೂಗಿತು. ಅಪ್ಪ ಮಾತ್ರ ಈ ಸಲ ಏಳಲಿಲ್ಲ. "ನಂಗೆ ಅಲ್ಲಿವರೆಗೆ ಕಾಣ್ಲಿಲ್ಲ," ಎಂದರು. ಅಷ್ಟು ಮೆಲ್ಲಗೆ ಅಪ್ಪ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

ಸಂಜೆಯ ರೈಲಿಗೆ ಮಡಗಾಂವ್ ಸ್ಟೇಶನ್ ತುಂಬ ಜನ. ಬಾವುಟ, ಡೋಲು, ನೂಕಾಟ. ಪಕ್ಕದಿಂದ ಬಂದವರು ಅಪ್ಪನಿಗೆ ಕಾಣುವುದಿಲ್ಲ, ಎಲ್ಲರಿಗೂ ಢಿಕ್ಕಿ ಹೊಡೆಯುತ್ತಿದ್ದರು. ನಿಶಾ ಅಪ್ಪನ ತೋಳನ್ನು ಗಟ್ಟಿಯಾಗಿ ಹಿಡಿದಳು. ಮಡಗಾಂವಿನಿಂದ ಕಾರವಾರದವರೆಗೆ ಇವರನ್ನು ನಿಲ್ಲಿಸಿಕೊಂಡು ಹೋಗುವುದು ಹೇಗೆ?

ಒಂದು ಕಿಟಕಿಯಿಂದ "ಕಾಕಾ, ಇತ್ಲಾಗೆ ಬನ್ನಿ!" ಅಂತ ಕೂಗು ಕೇಳಿತು, ಹೇಗೋ ಆ ಡಬ್ಬಿ ಹತ್ತಿದಳು. ಕಿಟಕಿ ಪಕ್ಕದ ಎರಡು ಸೀಟು ಖಾಲಿ. ಮೇಲೆ ನೀಲಿ ಚೌಕುಳಿಯ ಒಂದು ಕರ್ಚೀಫು. ಎದುರಿಗೆ ಸಂದೀಪ ನಿಂತಿದ್ದ. ಸೀಟಿಗಾಗಿ ಜಗಳ ಆಡಿ ಆಡಿ ಅವನ ಅಂಗಿಯ ಗುಂಡಿ ಕಿತ್ತುಹೋಗಿತ್ತು.

"ಕೂತ್ಕೊಳ್ಳಿ ಕಾಕಾ. ನಿಮ್ದೇ ಸೀಟು."

ಅಪ್ಪ ಕೂತರು. ನಿಶಾ ಕರ್ಚೀಫನ್ನು ಎತ್ತಿಕೊಂಡು ಪಕ್ಕದಲ್ಲಿ ಕೂತಳು.

"ಮ್ಯಾಚ್..." ಎಂದಳು. "ನೀವು ಮ್ಯಾಚ್ ನೋಡ್ಲಿಲ್ಲ."

"ಕೇಳ್ದೆ. ಆರನೇ ಗೇಟಿನ ಹೊರಗೆ ನಿಂತು. ನೀವು ಒಳಗೆ ಹೋಗುದು ಕಂಡ್ತು, ಅಷ್ಟು ಸಾಕಾಯ್ತು."

"ನಾನು ಅಷ್ಟು ಕೆಟ್ಟ ಮಾತು ಹೇಳಿದ್ದೆ! ನಿಮ್ಗೆ ಸಿಟ್ಟು ಬರ್ಲಿಲ್ವಾ?"

ಸಂದೀಪ ತಲೆ ತಗ್ಗಿಸಿದ. "ಆವತ್ತು ನಿಮ್ಮ ನಂಬರ್ ಇಳಿವಾಗ ನಂಗೆ ನಂದು ಇಳಿದದ್ದಕ್ಕಿಂತ ಖುಷಿ ಆಗ್ತಿತ್ತು. ಮುಖ ಸಮಾ ನೋಡಿರ್ಲಿಲ್ಲ ಇನ್ನೂ... ಪ್ರೀತಿ ಅಂದ್ರೆ ಇದೇ ಏನ ಅಂತ ಆಗ್ಲೇ ಅನ್ಸಿತ್ತು. ಅದ್ಕೇ ಕೈ ತಡೀಲಿಲ್ಲ, ಎಲ್ಲಾ ಹಾಳು ಮಾಡ್ದೆ."

ಅಪ್ಪ ಕಿಟಕಿಯ ಕಡೆ ಮುಖ ಮಾಡಿದ್ದರು. ಅವರಿಗೆ ಹೊರಗೆ ಏನೂ ಕಾಣುತ್ತಿರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

"ಆ ಗೋಲು ಹೇಗೆ ಬಂತು ಮಾರಾಯ?" ಎಂದರು ಅಪ್ಪ ಇದ್ದಕ್ಕಿದ್ದಂತೆ.

"ನಂಗೂ ಗೊತ್ತಿಲ್ಲ ಕಾಕಾ. ಕೂಗು ಮಾತ್ರ ಕೇಳ್ತು."

ಇಬ್ಬರೂ ನಿಶಾಳ ಕಡೆ ತಿರುಗಿದರು. ಮೂವರಲ್ಲಿ ಅದನ್ನು ಕಂಡವಳು ಅವಳೊಬ್ಬಳೇ!

"ನಂಗೆ ಹೇಳುಕೆ ಬರುದಿಲ್ಲ..."

"ಕಂಡದ್ದನ್ನ ಹೇಳೇ."

"ಎಡಗಡೆಯಿಂದ ಒಬ್ಬ ಓಡಿ ಬಂದ. ಕುಳ್ಳ. ಅವನ ಒಂದು ಕಾಲ್ಚೀಲ ಕೆಳಗೆ ಜಾರಿತ್ತು..." ನಿಶಾ ಹೇಳುತ್ತ ಹೋದಳು. ಅಪ್ಪ ಕಣ್ಣು ಮುಚ್ಚಿ ಕೇಳಿದರು, ಸಂದೀಪ ಬಗ್ಗಿ ನಿಂತು ಕೇಳಿದ. ಚೆಂಡು ಬಲೆಗೆ ಬಿದ್ದಾಗ ಇಬ್ಬರೂ ಒಟ್ಟಿಗೆ "ಗೋಲ್!" ಅಂದರು. ಇಡೀ ಡಬ್ಬಿ ತಿರುಗಿ ನೋಡಿತು.

"ಇನ್ಮುಂದೆ ಮ್ಯಾಚೆಲ್ಲ ಹೀಗೇ ನೋಡುದು ನಾನು," ಎಂದರು ಅಪ್ಪ. ನಿಶಾ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳಲು ಹೋಗಿ, ಕೈಯಲ್ಲಿದ್ದ ಕರ್ಚೀಫಿನಲ್ಲೇ ಒರೆಸಿಕೊಂಡಳು. ಡೀಸೆಲ್ ವಾಸನೆ ಈಗ ಅಷ್ಟು ಕೆಟ್ಟದಾಗಿರಲಿಲ್ಲ.

ಕಾರವಾರ ಬಂತು. ಅಪ್ಪನನ್ನು ಇಬ್ಬರೂ ಒಂದೊಂದು ಕೈ ಹಿಡಿದು ಇಳಿಸಿದರು.

"ನನ್ನ ಕರ್ಚೀಫು..." ಸಂದೀಪ ಕೈ ಚಾಚಿದ.

ನಿಶಾ ಅದನ್ನು ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು.

"ಕೊಡುದಿಲ್ಲ."

"ಮತ್ತೆ ನಾ ಸೀಟು ಹಿಡಿಯುದು ಹೇಗೆ?"

"ಇನ್ನೆಂತಕ್ಕೆ ಹಿಡೀತ್ರಿ?" ಅವಳು ಅವನ ಮುಖವನ್ನು ಮೊದಲ ಸಲ ಪೂರ್ತಿ ನೋಡಿದಳು. "ಸಿಕ್ಕಾಯ್ತಲ್ಲ."