ಬಟ್ಟೆ ಸಿಕ್ಕಿಕೊಂಡ ಮೂರು ಜಾಗ

“ಬಟನ್ ಒತ್ಬೇಡಿ!”

ಅಕ್ಕನ ಕೂಗು ಮಳೆಯ ಸದ್ದನ್ನು ಮೀರಿ ಕೇಳಿಸಿತು. ಕ್ಯಾಪ್ಟನ್‌ಗೂ ಕೇಳಿಸಿತು. ಆದರೂ ಒತ್ತಿದ.

ಅವನ ಜೀಪಿನ ಮೂತಿಯಲ್ಲಿದ್ದ ವಿಂಚ್ ಗುರ್ರೆಂದು ಉಕ್ಕಿನ ಹಗ್ಗವನ್ನು ಸುತ್ತಿಕೊಳ್ಳತೊಡಗಿತು. ಮುಂದಿನ ಮರಕ್ಕೆ ಕಟ್ಟಿದ್ದ ಹಗ್ಗ ಸೆಟೆದು ನಿಂತಿತು. ಮೈಮೇಲಿನ ನೀರನ್ನೆಲ್ಲ ಒಂದೇ ಸಲಕ್ಕೆ ಕೊಡವಿಕೊಂಡಿತು. ಆಮೇಲೆ ಸಣ್ಣ ದನಿಯಲ್ಲಿ ಕಿರುಗುಟ್ಟಿತು.

ಆ ದನಿ ಅಕ್ಕನಿಗೆ ಗೊತ್ತು. ಪಕ್ಕದಲ್ಲಿದ್ದ ಮೇಷ್ಟ್ರ ಅಂಗಿ ಹಿಡಿದು ಕೆಸರಿಗೆ ಎಳೆದಳು.

ಫಟ್!

ತುಂಡಾದ ಹಗ್ಗ ಗಾಳಿಯನ್ನು ಸೀಳಿಕೊಂಡು ಬಂದು ಮೇಷ್ಟ್ರ ಕೊಡೆಯನ್ನು ಕಿತ್ತುಕೊಂಡು ಹೋಯಿತು. ಜೀಪು ಇನ್ನೊಂದು ಗೇಣು ಕೆಳಗೆ ಜಾರಿತು. ಒಳಗಿನಿಂದ ತಮ್ಮ ಚೀರಿದ. “ಅಕ್ಕಾ! ಕಾಲು!”

“ಕೊಡೆ ಹೋಯ್ತು,” ಎಂದರು ಮೇಷ್ಟ್ರು, ಕೆಸರಿನಲ್ಲಿ ಮಲಗಿಕೊಂಡೇ. ಕೊಡೆಯ ಜೊತೆಗೆ ಇನ್ನೇನು ಹೋಗಬಹುದಿತ್ತು ಎಂದು ಹೊಳೆದ ಮೇಲೆ ಬಾಯಿ ಮುಚ್ಚಿದರು.

ನಾಲ್ವರು, ಎರಡು ಜೀಪು, ಎರಡು ದಿನ. ಮಳೆಯಲ್ಲೇ ಬೆಟ್ಟ ಹತ್ತಿ, ನೆತ್ತಿಯ ಹುಲ್ಲುಗಾವಲಿನಲ್ಲಿ ಡೇರೆ ಹಾಕಿ, ಮರುದಿನ ಇಳಿಯುವುದು. ಹತ್ತಿದ್ದಾಗಿತ್ತು. ಡೇರೆಯೊಳಗೆ ನೆನೆದದ್ದೂ ಆಗಿತ್ತು. ಇಳಿಯುವಾಗ ಕ್ಯಾಪ್ಟನ್ ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದರಲ್ಲಿ ಫೋನು ಹಿಡಿದು ವಿಡಿಯೊ ತೆಗೆಯುತ್ತ ಎಡಗಡೆಯ ಎರಡೂ ಚಕ್ರಗಳನ್ನು ದಾರಿಯ ಅಂಚಿನಿಂದ ಆಚೆಗೆ ಇಳಿಸಿದ್ದ. ಜೀಪು ವಾಲಿ ಒಂದು ಮರದ ಬೊಡ್ಡೆಗೆ ಆತುಕೊಂಡಿತ್ತು. ಬೊಡ್ಡೆ ಎಡಬಾಗಿಲನ್ನು ಒಳಕ್ಕೆ ಒತ್ತಿ ತಮ್ಮನ ಮೊಣಕಾಲನ್ನು ಸೀಟಿಗೆ ಅದುಮಿ ಹಿಡಿದಿತ್ತು. ಜೀಪು ಬೊಡ್ಡೆಯಿಂದ ಬಿಡಿಸಿಕೊಳ್ಳದೆ ಅವನ ಕಾಲು ಬರುವಂತಿರಲಿಲ್ಲ. ಬೊಡ್ಡೆ ಮುರಿದರೆ ಕೆಳಗೆ, ಮೂವತ್ತಡಿಯ ಆಳದಲ್ಲಿ, ಕೆಂಪು ನೀರಿನ ಹಳ್ಳ ಬಂಡೆಗಳನ್ನು ಉರುಳಿಸಿಕೊಂಡು ಹೋಗುತ್ತಿತ್ತು.

ಕ್ಯಾಪ್ಟನ್ ಮಾತ್ರ ವಾಲಿದ ಕ್ಷಣಕ್ಕೇ ಬಲಬಾಗಿಲಿನಿಂದ ಹೊರಗೆ ಹಾರಿದ್ದ.

“ಭಾರ ಕಮ್ಮಿ ಆಗ್ಲಿ ಅಂತ ಹಾರಿದೆ ಅಕ್ಕ,” ಎಂದು ಈಗ ಮೂರನೆಯ ಸಲ ಹೇಳಿದ.

ಅವನೇನೂ ಸೇನೆಯಲ್ಲಿದ್ದವನಲ್ಲ, ಟೈಲ್ಸ್ ಅಂಗಡಿಯ ಮಾಲೀಕ. ಗುಂಪು ಕಟ್ಟಿದ ದಿನ ತನಗೆ ತಾನೇ ಆ ಹೆಸರಿಟ್ಟುಕೊಂಡಿದ್ದ. ಅಕ್ಕ ಹನ್ನೊಂದು ವರ್ಷದಿಂದ ಲಿಫ್ಟ್ ರಿಪೇರಿ ಮಾಡುವವಳು. ಉಕ್ಕಿನ ಹಗ್ಗ ನೋಡಿ ನೋಡಿ ಅವಳ ಕಣ್ಣು ಪಳಗಿತ್ತು. ಹೊರಡುವ ದಿನ ಅವನ ಅಂಗಡಿಯ ಮುಂದೆ ಆ ಹಗ್ಗವನ್ನು ಪೂರ್ತಿ ಬಿಚ್ಚಿಸಿ, ಹತ್ತಿ ಬಟ್ಟೆಯ ತುಂಡೊಂದನ್ನು ಅದರ ಸುತ್ತ ಹಿಡಿದು ಈ ತುದಿಯಿಂದ ಆ ತುದಿಗೆ ಎಳೆದಿದ್ದಳು. ಕೈಗೆ ತಾಗದ ಮುರಿದ ಎಳೆ ಬಟ್ಟೆಗೆ ತಾಗುತ್ತದೆ. ಮೂರು ಕಡೆ ಬಟ್ಟೆ ಸಿಕ್ಕಿಕೊಂಡಿತು.

“ಇದನ್ನ ಬದಲಾಯಿಸ್ದೆ ಹೊರಡೋದು ಬೇಡ,” ಎಂದಿದ್ದಳು.

“ಅಕ್ಕ, ಇದು ಹತ್ತಂತಸ್ತಿನ ಬಿಲ್ಡಿಂಗಲ್ಲ, ಬೆಟ್ಟ,” ಎಂದು ಕ್ಯಾಪ್ಟನ್ ನಕ್ಕಿದ್ದ. ಜೀಪಿನ ತಲೆಯ ಮೇಲೆ ಹೊಸದಾಗಿ ಕೂರಿಸಿದ್ದ ಆರು ದೀಪಗಳನ್ನು ಹೊತ್ತಿಸಿ ತೋರಿಸಿದ್ದ. ಅವನಿಗಿಂತ ಹೆಚ್ಚು ನಕ್ಕಿದ್ದು ತಮ್ಮ. “ಇವಳು ಮನೇಲಿ ಬಟ್ಟೆ ಒಣಹಾಕೋ ಹಗ್ಗಾನೂ ಬಿಡಲ್ಲ,” ಎಂದವನೇ, ಅವಳ ಸೋರುವ ಕ್ಯಾನ್ವಾಸಿನ ಹಳೇ ಜೀಪಿನಿಂದ ತನ್ನ ಚೀಲವನ್ನು ಎತ್ತಿ ಹೀಟರ್ ಇರುವ ಜೀಪಿಗೆ ಹಾಕಿಕೊಂಡಿದ್ದ.

ಅವಳು ಹೊರಟಿದ್ದು ಅದೇ ಕಾರಣಕ್ಕೆ. ಬೇಡವೆಂದರೂ ತಮ್ಮ ಹೋಗಿಯೇ ಹೋಗುತ್ತಿದ್ದ.

“ಹಗ್ಗದಲ್ಲಿ ಇನ್ನೂ ಉದ್ದ ಉಳಿದಿದೆ,” ಎಂದ ಕ್ಯಾಪ್ಟನ್. “ಗಂಟು ಹಾಕಿ ಇನ್ನೊಂದ್ಸಲ...”

“ಇನ್ನೊಂದ್ಸಲ ಆ ಬಟನ್ ಮುಟ್ಟಿದ್ರೆ ನಿನ್ನನ್ನೇ ಮರಕ್ಕೆ ಕಟ್ತೀನಿ!” ಅಲ್ಲಿಯವರೆಗೆ ಅವನನ್ನು ‘ನೀವು’ ಎನ್ನುತ್ತಿದ್ದವಳು ಅವಳು. “ಹೇಳಿದ್ದೆನೋ ಇಲ್ವೋ? ಮೂರು ಕಡೆ ತೋರಿಸಿದ್ದೆನೋ ಇಲ್ವೋ? ದೀಪ ಬೇಕಾಗಿತ್ತಾ ನಿಂಗೆ, ದೀಪ?”

ಉತ್ತರಕ್ಕೆ ಕಾಯದೆ ತನ್ನ ಜೀಪಿನತ್ತ ಓಡಿದಳು. ಅದು ಹತ್ತು ಮಾರು ಮೇಲೆ, ಇಳಿಜಾರಿನಲ್ಲಿ ನಿಂತಿತ್ತು. ಅಲ್ಲಿಂದ ಬೆಟ್ಟದ ಮೈ ಪೂರ್ತಿ ಕಾಣುತ್ತಿತ್ತು. ಮೋಡ ಕಾಲಕೆಳಗೆ ಹರಿದುಹೋಗುತ್ತಿತ್ತು, ನಡುನಡುವೆ ಕಾಡಿನ ಒಂದು ತುಂಡು ಹೊರಗೆ ಇಣುಕಿ ಮುಳುಗುತ್ತಿತ್ತು, ದಾರಿಯ ಗಾಲಿಗುರುತುಗಳೆರಡೂ ಎರಡು ತೊರೆಗಳಾಗಿ ಇಳಿಯುತ್ತಿದ್ದವು. ನೋಡುವುದಕ್ಕೆಂದೇ ಇಷ್ಟು ದೂರ ಬಂದ ನೋಟ ಅದು. ಅಕ್ಕ ಅದರತ್ತ ತಿರುಗಲೂ ಇಲ್ಲ.

ಅವಳ ಕೆಲಸದ ಚೀಲದಲ್ಲಿ ಕೊಕ್ಕೆಯಿದ್ದ ದಪ್ಪ ಕಪ್ಪಿ ಇತ್ತು. ಸೀಟಿನ ಕೆಳಗೆ ಅವಳದೇ ಉಕ್ಕಿನ ಹಗ್ಗದ ಸುರುಳಿ. ತನ್ನ ಜೀಪಿಗಿಂತ ಮೇಲೆ, ದಾರಿಯ ಮೇಲ್ಮಗ್ಗುಲಲ್ಲಿ, ಇಬ್ಬರು ತಬ್ಬಿದರೂ ಸಾಲದಷ್ಟು ದಪ್ಪದ ಮರಕ್ಕೆ ಅಗಲದ ಪಟ್ಟಿ ಸುತ್ತಿ ಕಪ್ಪಿಯನ್ನು ನೇತುಹಾಕಿದಳು. ಹಗ್ಗವನ್ನು ಅದರಲ್ಲಿ ಹಾಯಿಸಿ ಒಂದು ತುದಿಯನ್ನು ತನ್ನ ಜೀಪಿಗೆ ಬಿಗಿದಳು.

“ಮೇಷ್ಟ್ರೇ, ಲಿಫ್ಟ್ ಮೇಲೆ ಹೋಗ್ಬೇಕಾದ್ರೆ ಇನ್ನೊಂದ್ಕಡೆ ಭಾರ ಕೆಳಗಿಳೀಬೇಕು. ನನ್ನ ಜೀಪೇ ಭಾರ. ಈ ಕೆಸರಲ್ಲಿ ಮೇಲಕ್ಕೆ ಎಳೆಯೋಕೆ ಹೋದ್ರೆ ಚಕ್ರ ಸುಮ್ನೆ ತಿರುಗುತ್ತೆ. ಕೆಳಗಿಳಿಯೋಕೇನು ಕಷ್ಟ?”

“ನಾನೇನು ಮಾಡ್ಲಿ?”

“ನಿಮ್ಮ ಕ್ಲಾಸಲ್ಲಿ ಕೂಗ್ತೀರಲ್ಲ, ಹಾಗೆ ಕೂಗ್ಬೇಕು. ಅವನ ಜೀಪು ಬೊಡ್ಡೆ ಬಿಟ್ಟಾಗ ಒಂದ್ಸಲ, ಚಕ್ರ ದಾರಿಗೆ ಬಂದಾಗ ಒಂದ್ಸಲ. ಹಗ್ಗದಿಂದ ದೂರ ನಿಂತು.” ಕ್ಯಾಪ್ಟನ್‌ನತ್ತ ತಿರುಗಿದಳು. “ನೀನು ಕಲ್ಲು ತಗೊಂಡು ನಿಲ್ಲು. ಚಕ್ರ ಮೇಲೆ ಬಂದ ಹಾಗೆ ಅಡ್ಡ ಕೊಡ್ತಾ ಹೋಗು. ಹಾರಿ ಹೋಗ್ಬೇಡ.”

ಕೆಸರಿನಲ್ಲಿ ಹೊಟ್ಟೆ ಎಳೆದುಕೊಂಡು ಅವಳು ವಾಲಿದ ಜೀಪಿನ ಹಿಂಬದಿಗೆ ತೂರಿದಳು. ಹಗ್ಗದ ಇನ್ನೊಂದು ತುದಿಯ ಕೊಕ್ಕೆಯನ್ನು ಅಡಿಯ ಚಾಸಿ ಚೌಕಟ್ಟಿಗೆ ಸಿಕ್ಕಿಸಿದಳು. ಮಣ್ಣು ಅವಳ ಮೊಣಕೈಯ ಕೆಳಗಿನಿಂದ ಜಾರಿ ಹಳ್ಳಕ್ಕೆ ಬಿತ್ತು.

ಬಲಬಾಗಿಲಿಗೆ ಬಂದು ಇಣುಕಿದಾಗ ತಮ್ಮನ ತುಟಿ ಬೆಳ್ಳಗಾಗಿತ್ತು.

“ಗೇರ್ ತೆಗಿ. ನಾನು ಹಾರ್ನ್ ಮಾಡಿದಾಗ ಹ್ಯಾಂಡ್‌ಬ್ರೇಕ್ ಬಿಡು.”

“ಬಿಟ್ರೆ ಜಾರಲ್ವಾ?”

“ಹಗ್ಗ ಹಿಡಿಯುತ್ತೆ.”

“ಆ ಹಗ್ಗನೂ...” ಅವನು ಹ್ಯಾಂಡ್‌ಬ್ರೇಕನ್ನು ಇನ್ನೂ ಬಿಗಿಯಾಗಿ ಹಿಡಿದ. “ಅಕ್ಕ, ನನ್ನ ಕೈಲಿ ಆಗಲ್ಲ.”

ಅವಳು ಬಯ್ಯಲಿಲ್ಲ. ಜೇಬಿನಿಂದ ಆ ಬಟ್ಟೆಯ ತುಂಡನ್ನು ತೆಗೆದಳು. ಅವನ ಕಣ್ಣೆದುರಿಗೆ, ಕೊಕ್ಕೆಯಿಂದ ಶುರುಮಾಡಿ ಕಪ್ಪಿಯವರೆಗೆ, ಕಪ್ಪಿಯಿಂದ ತನ್ನ ಜೀಪಿನವರೆಗೆ, ಹಗ್ಗದ ಮೇಲೆ ನಿಧಾನವಾಗಿ ಎಳೆದುಕೊಂಡು ನಡೆದಳು. ಅವಸರದ ಹೊತ್ತಿನಲ್ಲಿ ಅಷ್ಟು ನಿಧಾನ. ತಮ್ಮ ಕತ್ತು ತಿರುಗಿಸಿ ಕೊನೆಯವರೆಗೂ ನೋಡಿದ.

“ಬಟ್ಟೆ ಎಲ್ಲಾದ್ರೂ ಸಿಕ್ಕಿತಾ?” ಅಲ್ಲಿಂದಲೇ ಕೂಗಿದಳು.

“ಇಲ್ಲ.”

“ಹಾಗಾದ್ರೆ ಹಾರ್ನ್ ಕೇಳಿದ ತಕ್ಷಣ ಬಿಡು!”

ವಾಪಸು ಬಂದು ಬಟ್ಟೆಯನ್ನು ಅವನ ಮಡಿಲಿಗೆ ಎಸೆದಳು. ಹಗ್ಗ ಹರಿದರೂ ಚಿಮ್ಮದಿರಲೆಂದು ಅದರ ಮೇಲೆ ಒದ್ದೆ ಕಂಬಳಿ ಹೊದಿಸಿದಳು. ತನ್ನ ಜೀಪು ಹತ್ತಿದಳು.

ಹಾರ್ನ್.

ಹ್ಯಾಂಡ್‌ಬ್ರೇಕ್ ಬಿಟ್ಟಿತು. ಹಗ್ಗ ಬಿಗಿಯಿತು, ಕಂಬಳಿ ಅದುರಿತು. ಅಕ್ಕ ಮೊದಲ ಗೇರಿನಲ್ಲಿ ಇಂಚಿಂಚಾಗಿ ಇಳಿದಳು. ಒಂದು ಅಡಿ. ಎರಡು. ಹಗ್ಗದಿಂದ ಯಾವ ಸದ್ದೂ ಬರಲಿಲ್ಲ.

“ಬೊಡ್ಡೆ ಬಿಡ್ತು!” ಮೇಷ್ಟ್ರ ಗಂಟಲು ಬೆಟ್ಟಕ್ಕೆ ಬಡಿದು ವಾಪಸಾಯಿತು.

ಹಿಂದಿನ ಚಕ್ರ ಅಂಚು ಕಚ್ಚಿತು. ಮಣ್ಣು ಕುಸಿಯಿತು. ಚಕ್ರ ಮತ್ತೆ ಜಾರಿತು.

“ಕಲ್ಲು! ಕಲ್ಲು ಕೊಡು!”

ಕ್ಯಾಪ್ಟನ್ ಕಲ್ಲು ಕೊಟ್ಟ. ಅದನ್ನು ಒಪ್ಪಲೇಬೇಕು, ಮೊಣಕಾಲೂರಿ, ಚಕ್ರದ ಬಾಯಿಗೇ ಕೈಯಿಟ್ಟು ಕೊಟ್ಟ. ಇನ್ನೊಂದು ಅಡಿ. ಇನ್ನೊಂದು ಕಲ್ಲು.

“ದಾರಿಗೆ ಬಂತೂ!”

ಜೀಪು ಧಡಕ್ಕೆಂದು ನಾಲ್ಕು ಚಕ್ರದ ಮೇಲೆ ಕೂತಿತು. ಅಕ್ಕ ಓಡಿಬಂದು ಕಬ್ಬಿಣದ ಸಲಾಕೆಯಿಂದ ಬಾಗಿಲನ್ನು ಮೀಟಿದಳು. ಕಾಲು ಹೊರಗೆ ಬಂತು. ಮೊಣಕಾಲು ಊದಿತ್ತು, ಚರ್ಮ ಸುಲಿದಿತ್ತು, ಬೆರಳುಗಳು ಆಡುತ್ತಿದ್ದವು. ಅವಳು ಆ ಐದೂ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದಳು. ಆಮೇಲೆ ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟಳು.

ಕೆಳಗಿಳಿಯಲು ಮೂರು ಗಂಟೆ ಹಿಡಿಯಿತು. ತಮ್ಮನನ್ನು ಹಿಂದಿನ ಬೆಂಚಿನ ಮೇಲೆ ಮಲಗಿಸಿ ಅಕ್ಕನ ಜೀಪು ಮುಂದೆ, ಕ್ಯಾಪ್ಟನ್ ಒಬ್ಬನೇ ಹಿಂದೆ.

ಡಾಂಬರು ಸಿಕ್ಕಿದಲ್ಲಿ ಒಂದು ಪೆಟ್ರೋಲ್ ಬಂಕ್ ಇತ್ತು. ಮರುದಿನ ಬೆಟ್ಟ ಹತ್ತಲಿದ್ದ ಬೇರೊಂದು ಗುಂಪು ಅದರ ಚಾವಣಿಯ ಕೆಳಗೆ ಟೀ ಕುಡಿಯುತ್ತಿತ್ತು. ಅಕ್ಕ ಟಯರಿಗೆ ಗಾಳಿ ತುಂಬಿಸಿ ಬರುವಷ್ಟರಲ್ಲಿ ಕ್ಯಾಪ್ಟನ್ ಅವರ ನಡುವೆ ನಿಂತಿದ್ದ.

“ಮಳೇಗೆ ಹಗ್ಗ ಸ್ವಲ್ಪ ಕೈಕೊಡ್ತು. ಆದ್ರೂ ಎಳ್ಕೊಂಡ್ವಿ. ವಿಂಚ್ ಇಲ್ದೆ ಈ ಕಡೆ ಬರಲೇಬಾರ್ದು. ಮುಂದಿನ ತಿಂಗಳು ಹೆಂಡತಿ ಮಕ್ಕಳನ್ನೂ ಕರ್ಕೊಂಡು ಬರೋಣ ಅಂತಿದೀವಿ. ಉಳಿದ ಹಗ್ಗಕ್ಕೆ ಒಂದು ಕೊಕ್ಕೆ ಹಾಕಿಸಿದ್ರಾಯ್ತು.”

ಅಕ್ಕನ ಕಿವಿ ಬಿಸಿಯಾಯಿತು. ಮಳೆಗೆ ಕೈಕೊಟ್ಟಿತಂತೆ! ಚೀಲದಿಂದ ಉದ್ದ ಹಿಡಿಯ ಕಟ್ಟರ್ ತೆಗೆದಳು. ನೇರವಾಗಿ ಅವನ ಜೀಪಿನ ಮುಂದೆ ಕುಕ್ಕರಗಾಲಲ್ಲಿ ಕೂತು ಹಗ್ಗವನ್ನು ಹೊರಗೆಳೆದಳು. ಅವಳ ಕಸುಬಿನಲ್ಲಿ ಕೆಟ್ಟ ಹಗ್ಗವನ್ನು ಹಾಗೇ ಬಿಸಾಕುವುದಿಲ್ಲ. ಇನ್ನೊಬ್ಬ ಎತ್ತಿಕೊಂಡು ಕಟ್ಟಿಯಾನೆಂದು ಮೊಳದುದ್ದದ ತುಂಡು ಮಾಡುತ್ತಾರೆ.

ಕಟ್. ಕಟ್. ಕಟ್.

“ಏನ್ಮಾಡ್ತಿದೀರಿ! ಅದು ನನ್ನದು!”

“ನಿನ್ನದೇ. ತಗೋ.” ಹನ್ನೆರಡು ತುಂಡುಗಳನ್ನು ಅವನ ಕಾಲ ಬಳಿ ಸುರಿದಳು. ಆ ಗುಂಪಿನವರಿಗೂ ಕೇಳಿಸುವಂತೆ ಹೇಳಿದಳು, “ಮಳೆಗೆ ಹರಿದಿದ್ದಲ್ಲ ಇದು. ಹೊರಡೋಕೆ ಮುಂಚೆನೇ ಹರಿದಿತ್ತು. ಇವನಿಗೆ ಗೊತ್ತಿತ್ತು.”

ಟೀ ಕುಡಿಯುತ್ತಿದ್ದವರಲ್ಲಿ ಒಬ್ಬ ಲೋಟ ಕೆಳಗಿಟ್ಟು ತನ್ನ ಜೀಪಿನ ಮೂತಿಯತ್ತ ನಡೆದ, ಬಗ್ಗಿ ಹಗ್ಗವನ್ನು ಬೆರಳಿನಿಂದ ಸವರಿದ.

“ಬೆರಳಿಗೆ ಸಿಗಲ್ಲ,” ಎಂದ ತಮ್ಮ, ಹಳೇ ಜೀಪಿನ ಹಿಂದಿನ ಬೆಂಚಿನಿಂದ. “ಬಟ್ಟೆ ಬೇಕು.”

ಕ್ಯಾಪ್ಟನ್‌ನ ಮುಖ ಕಪ್ಪಿಟ್ಟಿತು. ಅಕ್ಕನನ್ನು ಬಿಟ್ಟು ತಮ್ಮನ ಕಡೆ ತಿರುಗಿದ. ತನ್ನ ಜೀಪಿನ ಎಡಬಾಗಿಲು ನಜ್ಜುಗುಜ್ಜಾಗಿದ್ದರಿಂದ ಬಲಬಾಗಿಲನ್ನೇ ತೆರೆದು ಹಿಡಿದ. ಒಳಗಿನ ಬಿಸಿಗಾಳಿ ಹೊರಗಿನವರ ಮುಖಕ್ಕೂ ತಾಗಿತು.

“ಬಾರೋ. ಇನ್ನೂ ಎರಡು ಗಂಟೆ ದಾರಿ, ಅಲ್ಲಿ ಯಾಕೆ ನೆನೀತೀಯಾ? ಹೀಟರ್ ಹಾಕಿದೀನಿ. ಸೀಟು ಹಿಂದಕ್ಕೆ ಮಲಗಿಸ್ಕೊಡ್ತೀನಿ, ಕಾಲು ಚಾಚ್ಕೊಂಡು ಬಾ.”

ಕ್ಯಾನ್ವಾಸಿನ ತೂತಿನಿಂದ ಹನಿಯೊಂದು ತಮ್ಮನ ಮೂಗಿನ ಮೇಲೆ ಬಿತ್ತು. ಅವನು ಅದನ್ನು ಅಕ್ಕನ ಬಟ್ಟೆಯ ತುಂಡಿನಿಂದ ಒರೆಸಿಕೊಂಡ.

“ನಾನ್ ಬರಲ್ಲ.”