ತಾರೀಖಿಲ್ಲದ ರಾಜೀನಾಮೆ

“ಡಬ್ಬಿ ತೆಗಿ!”

ನನ್ನ ಕೆನ್ನೆ ಕಾರಿನ ಬಾನೆಟ್ ಮೇಲಿತ್ತು. ಈಗಷ್ಟೇ ಬಂದು ನಿಂತ ನನ್ನದೇ ಕಾರು. ಬಾನೆಟ್ ಕಾದ ಹೆಂಚಿನ ಹಾಗೆ ಸುಡುತ್ತಿತ್ತು.

ಹಿಂದಿನಿಂದ ಒಬ್ಬ ನನ್ನ ಕೈ ತಿರುಚಿ ಹಿಡಿದಿದ್ದ. ಎತ್ತರ ಆರೂಕಾಲು ಅಡಿ, ಅಗಲವೂ ಹೆಚ್ಚುಕಡಿಮೆ ಅಷ್ಟೇ. ಮನಸ್ಸಿನಲ್ಲೇ ಅವನಿಗೆ ಗೋಡೆ ಎಂದು ಹೆಸರಿಟ್ಟೆ.

ಸಚಿವಾಲಯದ ನೆಲಮಾಳಿಗೆ. ಮಧ್ಯಾಹ್ನ ಮೂರೂವರೆ. ಮೇಲೆ ಏಳು ಮಹಡಿ ತುಂಬ ಜನ, ಪೊಲೀಸರು, ಟಿವಿಯವರು... ಕೆಳಗೆ ನಾವಿಬ್ಬರೇ!

“ಯಾವ ಡಬ್ಬಿನಪ್ಪಾ?” ಅಂದೆ.

“ಬಿಸ್ಕತ್ ಡಬ್ಬಿ. ನಾಟಕ ಆಡ್ಬೇಡ. ಅದ್ರಲ್ಲಿ ನಿಮ್ಮಕ್ಕನ ಕಾಗದ ಇದೆ. ನಿನ್ನೆ ತಾರೀಖು ಬಿದ್ದಿದೆಯಾ ಇಲ್ವಾ ನೋಡ್ಕೊಂಡು ಬಾ ಅಂತ ಧಣಿ ಕಳ್ಸಿದ್ದಾರೆ.”

“ಐದು ಗಂಟೆ ಒಳಗೆ ಬೀಳುತ್ತೆ ಅಂತ ಹೇಳು ಹೋಗು.”

“ಈಗ್ಲೇ ಬೀಳ್ಲಿ. ನನ್ನ ಕಣ್ಮುಂದೆ!”

“ಸರಿ ಮಾರಾಯಾ. ಕೈ ಬಿಡು ಮತ್ತೆ. ಕಾಲಲ್ಲಿ ಬರೀಲಾ?”

ಬಲಗೈ ಬಿಟ್ಟ. ಜೇಬಿನಿಂದ ಪೆನ್ನು ತೆಗೆದೆ. ಕ್ಯಾಪ್ ಬಿಚ್ಚಿದೆ.

ಬರೆಯಲಿಲ್ಲ. ಅವನ ತೊಡೆಗೆ ಚುಚ್ಚಿದೆ!

ಗೋಡೆ ಬೊಬ್ಬೆ ಹೊಡೆದ. ಕಾರಿನ ಸೀಟಿನಡಿಯಲ್ಲಿದ್ದ ಡಬ್ಬಿಯನ್ನು ಬಾಚಿಕೊಂಡು ಮೆಟ್ಟಿಲ ಕಡೆ ಓಡಿದೆ. ಒಳ್ಳೇ ಪೆನ್ನು ಸ್ವಾಮಿ, ಹಾಳಾಯಿತು.

ಒಂದು ಬಿಸ್ಕತ್ ಡಬ್ಬಿಗೆ ಇಷ್ಟೊಂದು ರಂಪವೇ ಎಂದು ನೀವು ಕೇಳಬಹುದು. ಹೇಳುತ್ತೇನೆ.

ಚುನಾವಣೆ ಮುಗಿದ ಮೇಲೆ ದೇಶದ ಮಂತ್ರಿಮಂಡಲವನ್ನು ಹೇಗೆ ಕಟ್ಟುತ್ತಾರೆ ಗೊತ್ತೇ? ಅನುಭವ, ದಕ್ಷತೆ, ಹೊಸ ಮುಖ ಎಂದು ಟಿವಿಯಲ್ಲಿ ಹೇಳುವುದನ್ನೆಲ್ಲ ಬಿಡಿ. ಮೊದಲು ಕುರ್ಚಿ ಎಣಿಸುತ್ತಾರೆ. ಆಮೇಲೆ ಮುನಿಸಿಕೊಳ್ಳಬಹುದಾದವರನ್ನು ಎಣಿಸುತ್ತಾರೆ. ಎರಡನೆಯ ಲೆಕ್ಕ ಯಾವಾಗಲೂ ಜಾಸ್ತಿ. ಹಣಕಾಸು, ಗೃಹ ಎಲ್ಲ ಪ್ರಧಾನಿಗಳ ಕಣ್ಣಳತೆಯಲ್ಲಿರುವವರಿಗೆ. ಕೊಬ್ಬಿದ ಖಾತೆಗಳು ಬೆಂಬಲ ಕೊಟ್ಟ ಸಣ್ಣ ಪಕ್ಷಕ್ಕೆ. ಅಳಿದುಳಿದದ್ದು ಸ್ವಂತ ಪಕ್ಷದ ಪ್ರಾಮಾಣಿಕರಿಗೆ!

ನನ್ನ ಅಕ್ಕನಿಗೆ ಸಿಕ್ಕಿದ್ದು ಅಂಥದೇ ಉಳಿಕೆ. ಬಂದರು ಮತ್ತು ಜಲಸಾರಿಗೆ. ಯಾರೂ ಕೇಳದ ಖಾತೆ.

ಪಟ್ಟಿಯನ್ನು ಸೋಸುವವನು ಪ್ರಧಾನಿಗಳ ಕಾರ್ಯದರ್ಶಿ. ನಾವೆಲ್ಲ ಅವನನ್ನು ಜರಡಿ ಎನ್ನುತ್ತೇವೆ. ನಾನು ಜರಡಿಯ ಕೈಯಾಳು. ಮುನಿದವರನ್ನು ಕೂರಿಸುವುದು, ಹಾರಲು ಹೊರಟವರನ್ನು ಹಿಡಿದು ತರುವುದು, ಬಾಯಿ ಬಿಡುವವರ ಬಾಯಿ ಮುಚ್ಚಿಸುವುದು... ಮರ್ಯಾದೆಯ ಕೆಲಸ ಎಂದು ನಾನು ಯಾವತ್ತೂ ಹೇಳಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಪ್ರಮಾಣವಚನದ ದಿನವೇ ಪ್ರತಿಯೊಬ್ಬ ಮಂತ್ರಿಯೂ ರಾಜೀನಾಮೆಗೆ ಸಹಿ ಹಾಕಬೇಕು. ‘ವೈಯಕ್ತಿಕ ಕಾರಣಗಳಿಂದ’ ಎಂದು ಒಂದೇ ಸಾಲು. ತಾರೀಖಿನ ಜಾಗ ಖಾಲಿ. ಖುಷಿಯ ಅಮಲಿನಲ್ಲಿ ಯಾರೂ ಓದುವುದಿಲ್ಲ. ಮೂವತ್ತೊಂದು ಕಾಗದ ನನ್ನ ಬಿಸ್ಕತ್ ಡಬ್ಬಿಯಲ್ಲಿ. ಮಂತ್ರಿಮಂಡಲ ಪುನಾರಚನೆ ಬಂತೆಂದರೆ ಬೇಕಾದವರ ಕಾಗದ ತೆಗೆದು, ಅವರದೇ ಅಕ್ಷರದಲ್ಲಿ ತಾರೀಖು ತುಂಬುವುದು ನನ್ನ ಕೆಲಸ. ಮೂವತ್ತೊಂದು ಜನರ ಅಂಕಿಯೂ ನನ್ನ ಕೈಯಲ್ಲಿ ಪಳಗಿದೆ.

ಅಕ್ಕನದನ್ನು ಮಾತ್ರ ಕಲಿಯಬೇಕಾಗಿ ಬರಲಿಲ್ಲ. ಸ್ಲೇಟಿನ ಮೇಲೆ ನನ್ನ ಕೈ ಹಿಡಿದು ಅಂಕಿ ತಿದ್ದಿಸಿದವಳೇ ಅವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳೂ ಅವಳೇ. ಒಂದೂವರೆ ವರ್ಷದ ಹಿಂದೆ ಕಾಗದ ಮುಂದಿಟ್ಟಾಗ, “ಏನೋ ಇದು?” ಎಂದಳು. “ಫಾರ್ಮಾಲಿಟಿ ಅಕ್ಕಾ” ಎಂದೆ. ಓದದೆ ಸಹಿ ಹಾಕಿದಳು.

ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಜರಡಿ ಫೋನ್ ಮಾಡಿದ.

“ಸಂಜೆ ಐದಕ್ಕೆ ಪುನಾರಚನೆ. ನಿಮ್ಮಕ್ಕ ಔಟ್. ನಿನ್ನೆ ತಾರೀಖು ಹಾಕು.”

“ನಿನ್ನೆದು ಯಾಕೆ ಸಾರ್?”

“ನಿಮ್ಮಕ್ಕ ಬೆಳಿಗ್ಗೆ ಏನು ಮಾಡಿದ್ದಾರೆ ಗೊತ್ತಾ? ಧಣಿಯ ಮೂರೂ ದೋಣಿ ನಿಲ್ಸಿಬಿಟ್ಟಿದ್ದಾರೆ!”

ಧಣಿ ಎಂದರೆ ದೋಣಿ ಧಣಿ. ನಗರದಿಂದ ಆಚೆ ದಡಕ್ಕೆ ಜನ ಸಾಗಿಸುವ ಮೂರು ದೊಡ್ಡ ಯಂತ್ರದ ದೋಣಿಗಳು ಅವನವು. ಸಣ್ಣ ಪಕ್ಷದ ನಾಯಕ ಅವನ ಹೆಂಡತಿಯ ತಮ್ಮ. ಆ ಬಾಮೈದನಿಗೇ ಇವತ್ತು ಅಕ್ಕನ ಖಾತೆ. ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಅಕ್ಕ ಹಾಕಿದ ಆದೇಶವನ್ನು ಹೊಸ ಮಂತ್ರಿಯೂ ರದ್ದು ಮಾಡುವ ಹಾಗಿಲ್ಲ. ಕಾನೂನಿನ ಪ್ರಕಾರ ಮೊದಲು ದೋಣಿಯನ್ನು ದಡಕ್ಕೆ ಎಳೆದು ತಳ ಪೂರ್ತಿ ಬದಲಾಯಿಸಿ ತಪಾಸಣೆ ಮಾಡಿಸಬೇಕು. ಒಂದೇ ಒಂದು ದಾರಿ... ಅಕ್ಕ ನಿನ್ನೆಯೇ ರಾಜೀನಾಮೆ ಕೊಟ್ಟಿದ್ದರೆ, ಇವತ್ತಿನ ಅವಳ ಸಹಿಗೆ ಮೂರು ಕಾಸಿನ ಬೆಲೆ ಇರುವುದಿಲ್ಲ.

ನಾನು ಒಪ್ಪಿದೆ. ಸುಳ್ಳು ಯಾಕೆ ಹೇಳಲಿ? ನಿನ್ನೆ ತಾರೀಖು ಹಾಕುವುದೆಂದೇ ಹೊರಟಿದ್ದೆ. ಹಾಕುವ ಮುಂಚೆ ಅಕ್ಕನಿಗೆ ಮುಖ ಕೊಟ್ಟು ಹೇಳಿಬಿಡೋಣ ಎನ್ನಿಸಿತು, ಅಷ್ಟೇ. ತಮ್ಮನಲ್ಲವೇ, ಕೈ ಕೊಡುತ್ತೇನೇನೋ ಎಂದು ಧಣಿಗೆ ಅನುಮಾನ. ಅದಕ್ಕೇ ಗೋಡೆಯನ್ನು ಬಿಟ್ಟಿದ್ದ.

ನಾಲ್ಕನೆಯ ಮಹಡಿ. ಏದುಸಿರು ಬಿಡುತ್ತಾ ಅಕ್ಕನ ಕೋಣೆಗೆ ನುಗ್ಗಿದೆ. ಒಳಗಿನಿಂದ ಬೋಲ್ಟ್ ಹಾಕಿದೆ.

“ಏನೋ ಇದು ಅವತಾರ? ಕೆನ್ನೆಗೇನಾಯ್ತು? ಊಟ ಮಾಡಿದ್ಯಾ?”

ಮೂರು ಪ್ರಶ್ನೆ ಒಟ್ಟಿಗೇ. ಅವಳು ಯಾವಾಗಲೂ ಹಾಗೇ. ಡಬ್ಬಿ ತೆಗೆದು ಕಾಗದವನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಈ ಸಲ ಓದಿದಳು.

“ಇದೇನಾ ನಿನ್ನ ಫಾರ್ಮಾಲಿಟಿ?”

ನಾನು ಡಬ್ಬಿಯ ಮುಚ್ಚಳ ಹಾಕಿದೆ.

“ಮಾತಾಡೋ!”

“ಹೂಂ ಅಕ್ಕಾ.”

ಅಕ್ಕ ಎದ್ದು ಮೂಲೆಯಲ್ಲಿದ್ದ ಕೊಡೆಯನ್ನು ತಂದು ನನ್ನ ಮುಂದೆ ಹಿಡಿದಳು. ಅದರ ಮೊನೆಗೆ ಕೆಂಪು ತುಕ್ಕು ಮೆತ್ತಿಕೊಂಡಿತ್ತು.

“ಹೋದ ವಾರ ಆ ದೋಣಿ ತಳಕ್ಕೆ ಇಳಿದಿದ್ದೆ. ಬಣ್ಣ ಹೊಳೀತಿತ್ತು. ಸುಮ್ನೆ ಇದರಲ್ಲಿ ಒತ್ತಿದೆ ಕಣೋ. ಒಳಗೆ ಹೋಗ್ಬಿಡ್ತು! ಮುದುಕಿ ಕೈಯ ಕೊಡೆ, ಕಬ್ಬಿಣದ ತಗಡಲ್ಲಿ! ನಾಳೆ ಬೆಳಿಗ್ಗೆ ಆರೂವರೆ ಟ್ರಿಪ್ಪಿಗೆ ನಾನೂರು ಜನ ಹತ್ತುತಾರೆ. ಕೂಲಿಯವರು, ಸ್ಕೂಲು ಮಕ್ಕಳು. ನಿನ್ನೆ ತಾರೀಖು ಹಾಕಿದ್ರೆ ಅವರೆಲ್ಲ ಹತ್ತುತಾರೆ. ಹಾಕ್ತೀಯಾ?”

“ಇವತ್ತಿಂದು ಹಾಕಿದ್ರೆ ನನ್ನನ್ನ ಜೀವಸಹಿತ ಬಿಡಲ್ಲ ಅಕ್ಕಾ. ಗೋಡೆ ಥರದವನೊಬ್ಬ ಹಿಂದೆ ಬಿದ್ದಿದ್ದಾನೆ.”

ಅವಳು ಕುರ್ಚಿಗೆ ಕುಸಿದಳು. ಕಣ್ಣು ತುಂಬಿತ್ತು. ಅಕ್ಕ ಅಳುವುದನ್ನು ನಾನು ನೋಡಿದ್ದು ಅಮ್ಮ ಹೋದ ದಿನ ಮಾತ್ರ.

“ನನ್ನ ಕುರ್ಚಿ ಹಾಳಾಗ್ಲಿ ಬಿಡೋ. ಆದ್ರೆ ನಿನ್ನೆ ನನ್ನ ಕೈಲಿ ಆ ಬಂದರು ಫೈಲಿಗೆ ಸಹಿ ಹಾಕಿಸಿದ್ಯಲ್ಲ... ಹೊಸ ಬಂದರನ್ನ ಧಣಿಗೆ ಕೊಟ್ರೆ ದಡದಲ್ಲಿರೋ ಇನ್ನೂರು ಮನೆ ಎದ್ದು ಹೋಗುತ್ತೆ ಅಂತ ಗೊತ್ತಿದ್ದೂ ಹಾಕಿದೆ. ಯಾಕೆ? ಹಾಕಿದ್ರೆ ಖಾತೆ ಉಳಿಯುತ್ತೆ, ದೋಣಿ ನಿಲ್ಲಿಸಬಹುದು ಅಂತ ನೀನು ಹೇಳಿದೆ!”

“ನನಗೂ ಹಾಗೇ ಹೇಳಿದ್ರು ಅಕ್ಕಾ...”

ನಡುವೆಯೇ ನಿಲ್ಲಿಸಿದೆ. ತಲೆಯಲ್ಲಿ ಏನೋ ಹೊಳೆಯಿತು.

“ಅಕ್ಕಾ! ಆ ಫೈಲಿಗೆ ಸಹಿ ಬಿದ್ದಿದ್ದು ನಿನ್ನೇನೇ ತಾನೇ?”

“ನಿನ್ನೆ ಸಂಜೆ ನಾಲ್ಕಕ್ಕೆ. ಟೆಂಡರಿಗೆ ನಿನ್ನೇನೇ ಕೊನೇ ದಿನ ಅಂತ ಪಕ್ಕದಲ್ಲೇ ನಿಂತು ಅವಸರ ಮಾಡಿದ್ಯಲ್ಲ!”

ದಡ್ಡರು! ನಾನೂ ಸೇರಿ! ಬೇಕಾದಾಗ ಬೇಕಾದ ತಾರೀಖು ಹಾಕಿ ಹಾಕಿ, ಒಂದು ದಿನಕ್ಕೆ ಒಂದೇ ಸಂಗತಿ ಅಂಟಿಕೊಂಡಿರುತ್ತದೆ ಎಂದುಕೊಂಡಿದ್ದೆವು.

ಕಾಗದವನ್ನು ಡಬ್ಬಿಗೆ ತುರುಕಿ ಹಿಂದಿನ ಬಾಗಿಲಿನಿಂದ ಓಡಿದೆ.

ಗೋಡೆ ಕಾರಿಡಾರಿನಲ್ಲೇ ಇದ್ದ. ಕುಂಟುತ್ತಿದ್ದ. ಆದರೂ ನನಗಿಂತ ಜೋರಾಗಿ ಓಡುತ್ತಿದ್ದ! ಮೂರನೇ ಮಹಡಿ... ಎರಡನೇ ಮಹಡಿ... ಅವನ ಉಸಿರು ನನ್ನ ಕತ್ತಿಗೆ ತಾಗುವಷ್ಟು ಹತ್ತಿರ. ಕೆಳಗಿನ ಬಾಗಿಲಲ್ಲಿ ಟಿವಿಯವರ ಹಿಂಡು. ನೇರ ಪ್ರಸಾರ. ಸೀದಾ ಕ್ಯಾಮೆರಾ ಮುಂದೆ ಹೋಗಿ ನಿಂತೆ. ದೇಶವೆಲ್ಲ ನೋಡುತ್ತಿರುವಾಗ ಯಾರೂ ಯಾರ ಕುತ್ತಿಗೆಗೂ ಕೈ ಹಾಕುವುದಿಲ್ಲ.

“ಸಾರ್, ಸಾರ್! ಯಾರು ಒಳಗೆ, ಯಾರು ಹೊರಗೆ?” ಒಬ್ಬ ಹುಡುಗಿ ಮೈಕ್ ಹಿಡಿದಳು.

“ನನಗೇನಮ್ಮಾ ಗೊತ್ತು? ನಾನು ಬಿಸ್ಕತ್ ತಗೊಂಡು ಹೋಗ್ತಿದ್ದೀನಿ!”

ಎಲ್ಲರೂ ನಕ್ಕರು. ಗೋಡೆ ಕಂಬದ ಹಿಂದೆ ನಿಂತು ಹಲ್ಲು ಕಡಿಯುತ್ತಿದ್ದ. ಕ್ಯಾಮೆರಾಗಳ ಜೊತೆಗೇ ಅಂಗಳ ದಾಟಿ ಪ್ರಧಾನಿಗಳ ಕಚೇರಿ ಸೇರಿಕೊಂಡೆ.

ನಾಲ್ಕೂ ಇಪ್ಪತ್ತು. ಜರಡಿಯ ಕೋಣೆ. ಸೋಫಾದಲ್ಲಿ ದೋಣಿ ಧಣಿ ಕೂತಿದ್ದ. ಅವನ ಹಿಂದೆ, ಕುಂಟಿಕೊಂಡು ಬಂದ ಗೋಡೆಯೂ ನಿಂತ.

“ಹಾಕಿದ್ಯಾ?” ಜರಡಿ ಕೇಳಿದ.

“ಇಲ್ಲ ಸಾರ್.”

ಗೋಡೆ ನನ್ನ ಕಾಲರ್ ಹಿಡಿದು ಎತ್ತಿದ. ಕಾಲು ನೆಲ ಬಿಟ್ಟಿತು.

“ಕೈ ಮುರೀಲಾ ಧಣಿ?”

“ಮುರಿ!” ಅಂದೆ. “ಆಮೇಲೆ ತಾರೀಖು ನೀನೇ ಬರಿ. ಅಕ್ಕನ ಅಂಕಿ ಬೇರೆ ಯಾರಿಗೆ ಬರುತ್ತೋ ನಾನೂ ನೋಡ್ತೀನಿ!”

“ಇಳಿಸೋ ಅವನ್ನ,” ಎಂದ ಧಣಿ. “ಏನಯ್ಯಾ ನಿನ್ನ ತಕರಾರು? ಅಕ್ಕನ ಮೇಲೆ ಪ್ರೀತಿ ಉಕ್ಕಿ ಬಂತಾ?”

“ಪ್ರೀತಿ ಎಲ್ಲಿಂದ ಬರ್ಬೇಕು ಧಣಿ? ಒಂದೇ ಒಂದು ಪ್ರಶ್ನೆ. ನಿಮಗೆ ದೋಣಿ ಬೇಕಾ, ಬಂದರು ಬೇಕಾ?”

“ಎರಡೂ ನಂದೇ!”

“ನಿನ್ನೆ ತಾರೀಖು ಹಾಕಿದ್ರೆ ಅಕ್ಕ ನಿನ್ನೆಯಿಂದ್ಲೇ ಮಂತ್ರಿ ಅಲ್ಲ. ಅಲ್ಲಿಗೆ ದೋಣಿ ಆದೇಶ ಬಿದ್ದುಹೋಯ್ತು, ಸರಿ. ಆದ್ರೆ ನಿನ್ನೆ ಸಂಜೆ ನಿಮ್ಮ ಬಂದರಿಗೆ ಬಿದ್ದ ಸಹಿ ಯಾರದು? ಮಂತ್ರಿ ಅಲ್ಲದವರದು!”

ಜರಡಿಯ ಕೈಯಲ್ಲಿದ್ದ ಕನ್ನಡಕ ಮೇಜಿನ ಮೇಲೆ ಬಿತ್ತು. ಅವನಿಗೆ ಕೂಡಲೇ ಅರ್ಥವಾಯಿತು.

“ಬಾಮೈದ ಬಂದು ಮತ್ತೆ ಹಾಕ್ತಾನೆ ಬಿಡು!” ಎಂದ ಧಣಿ.

“ಟೆಂಡರ್ ಅವಧಿ ನಿನ್ನೆಗೇ ಮುಗೀತು ಧಣಿ,” ಎಂದ ಜರಡಿ, ಮೆಲ್ಲಗೆ.

“ಹಾಗಾದ್ರೆ ಇವತ್ತಿನ ತಾರೀಖೇ ಹಾಕಿ, ಬೆಳಿಗ್ಗೆ ಒಂಬತ್ತು ಗಂಟೆ ಅಂತ ಬರೀಲಿ!”

“ಗಂಟೆ ಲೆಕ್ಕಕ್ಕಿಲ್ಲ. ಹಿಂದಿನ ದಿನದ ರಾಜೀನಾಮೆ ಆದ್ರೆ ಆ ದಿನ ಬೆಳಗಿನಿಂದ್ಲೇ ಕುರ್ಚಿ ಖಾಲಿ; ಪ್ರಮಾಣದ ದಿನದ್ದೇ ಆದ್ರೆ ಹೊಸಬರು ಪ್ರಮಾಣ ಮಾಡೋವರೆಗೂ ಹಳಬರೇ ಮಂತ್ರಿ. ಕಾನೂನು,” ಎಂದ ಜರಡಿ.

ಧಣಿ ಗಡಿಯಾರ ನೋಡಿದ. ಅವನು ದೋಣಿ ಬೇಕೆಂದುಬಿಟ್ಟರೆ? ನಾನೂರು ಜನ!

ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಹಳೇ ತಗಡು. ಹೋಗ್ಲಿ. ಬಂದರು ಬೇಕು.”

ಜರಡಿ ತನ್ನ ಪೆನ್ನು ಕೊಟ್ಟ. ನಾನು ಇವತ್ತಿನ ತಾರೀಖು ಬರೆದೆ. ಒಂದು ಅಂಕಿಯೂ ತಪ್ಪಲಿಲ್ಲ. ತಪ್ಪಬೇಕಿತ್ತು.

ಐದು ಗಂಟೆಗೆ ಪ್ರಮಾಣವಚನ ಶುರುವಾಯಿತು. ನಾನು ನಾಲ್ಕನೆಯ ಮಹಡಿಗೆ ಹೋದೆ. ಬಡಗಿಯೊಬ್ಬ ಆಗಲೇ ಅಕ್ಕನ ನಾಮಫಲಕದ ಸ್ಕ್ರೂ ಬಿಚ್ಚುತ್ತಿದ್ದ. ಅಕ್ಕ ಕೊಡೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಒಳಗಿನ ಟಿವಿಯಲ್ಲಿ ಬಾಮೈದನ ದನಿ. ದೇಶದ ಸೇವೆಯನ್ನು ನಿಷ್ಠೆಯಿಂದ ಮಾಡುತ್ತೇನೆ ಎನ್ನುತ್ತಿದ್ದ.

“ದೋಣಿ?”

“ನಿಂತ್ವು ಅಕ್ಕಾ. ಇನ್ನು ನೀರಿಗಿಳಿಯಲ್ಲ.”

“ಬಂದರು?”

ನಾನು ತಲೆ ತಗ್ಗಿಸಿದೆ.

“ಗೊತ್ತಾಯ್ತು ಬಿಡು,” ಎಂದಳು. ಎರಡು ಹೆಜ್ಜೆ ಹೋದವಳು ತಿರುಗಿದಳು. “ಅಂಕಿ ಸರಿಯಾಗಿ ಬರೆದ್ಯಾ?”

“ಹೂಂ. ಥೇಟ್ ನಿನ್ನ ಹಾಗೇ.”

“ನಾನು ನಿನಗೆ ಕಲಿಸಲೇಬಾರ್ದಿತ್ತು ಕಣೋ. ಇನ್ಮೇಲೆ ಮನೆ ಕಡೆ ಬರ್ಬೇಡ.”

ಹೋದಳು. ಲಿಫ್ಟ್ ಬೇಡವೆಂದು ಮೆಟ್ಟಿಲಿಳಿದು ಹೋದಳು. ಕೊಡೆಯ ಮೊನೆ ಒಂದೊಂದು ಮೆಟ್ಟಿಲಿಗೂ ತಾಗುವುದು ಕೇಳುತ್ತಿತ್ತು. ಕೂಗಿ ಕರೆಯಬೇಕೆನ್ನಿಸಿತು. ಕರೆಯಲಿಲ್ಲ.

ಆರು ಗಂಟೆಗೆ ಜರಡಿಯ ಕೋಣೆಯಲ್ಲಿ ಹೊಸ ಮಂತ್ರಿಗಳ ಸಾಲು. ನಗು, ಹಸ್ತಲಾಘವ, ಫೋಟೋ. ಬಾಮೈದ ನಾನು ಕೊಟ್ಟ ಕಾಗದಕ್ಕೆ ನಿಂತಲ್ಲೇ ಸಹಿ ಹಾಕಿದ. ಓದಲಿಲ್ಲ. ಅವನದೂ ಡಬ್ಬಿ ಸೇರಿತು.

ಎಲ್ಲರೂ ಹೋದ ಮೇಲೆ ಜರಡಿ ಬಾಗಿಲು ಹಾಕಿದ.

“ಇವತ್ತು ನಮ್ಮನ್ನೆಲ್ಲ ಉಳಿಸಿದೆ. ಬುದ್ಧಿವಂತ ನೀನು.”

“ಏನೋ ಸಾರ್...”

“ತುಂಬಾ ಬುದ್ಧಿವಂತ. ಅದಕ್ಕೇ...”

ಮೇಜಿನ ಮೇಲೆ ಒಂದು ಹಾಳೆ ಇಟ್ಟ. ‘ವೈಯಕ್ತಿಕ ಕಾರಣಗಳಿಂದ’. ಕೆಳಗೆ ನನ್ನ ಹೆಸರು. ತಾರೀಖಿನ ಜಾಗ ಖಾಲಿ!

“ಫಾರ್ಮಾಲಿಟಿ,” ಎಂದ.

ಸಹಿ ಹಾಕಿದೆ ಸ್ವಾಮಿ. ಓದಲಿಲ್ಲ. ಓದುವುದೇನು, ಆ ನಮೂನೆ ಟೈಪ್ ಮಾಡಿದವನೇ ನಾನು!